ಎರಡನೆಯದನ್ನು ಉಳಿಸು

ಎರಡನೆಯದು ಅಂದೆನಲ್ಲ ಮೀರಿಮ್. ಎರಡನೆಯದನ್ನು ಉಳಿಸು, ಮೊದಲನೆಯದನ್ನು ಅಳಿಸು. ಇಷ್ಟಕ್ಕೆ ಗುರುತು ಯಾಕೆ ಬೇಕು ನಿನಗೆ? ಒಂದು ಡಿಸ್ಕಿನಲ್ಲಿ ನಮ್ಮ ನರಿನ್ ಊರಿನ ರೇಡಿಯೋದ ಹಳೇ ಹವಾಮಾನ ವರದಿ. ಇನ್ನೊಂದರಲ್ಲಿ... ನಮ್ಮ ಮನೆಯ ಹಿರಿಯರ ಹಾಡು. ಟೇಪುಗಳು ಬೂಷ್ಟು ಹಿಡಿದು ಹೋದವು, ಈಗ ಅವರ ದನಿ ಇರೋದು ಅದೊಂದರಲ್ಲೇ. ಜಾಗ ಸಾಲದು, ಯಾವುದಾದರೂ ಒಂದು ಹೋಗಬೇಕು ಅಂತ ತಾನೆ ನೀನು ಬಿಷ್ಕೆಕ್‌ನಿಂದ ಬಂದಿದ್ದು?

ಯಾವ ಹಿರಿಯರು ಅಂದರೆ... ನನ್ನ ಮಾವ. ಹೆಸರಾ? ಯಾಕೆ ನಗ್ತೀಯ? ಪಟ್ಟಣದ ಹುಡುಗಿ ನೀನು. ನಮ್ಮ ಕಾಲದಲ್ಲಿ ಸೊಸೆಯಾದವಳು ಮಾವನ ಹೆಸರು ಎತ್ತೋ ಹಾಗಿರಲಿಲ್ಲ. ಅವರ ಹೆಸರಿನೊಳಗೆ ಹಿಮದ ಬಿರುಗಾಳಿ ಅನ್ನೋ ಮಾತಿದೆ. ಅದಕ್ಕೇ ನಾನು ಆ ಗಾಳಿಗೆ 'ಕಣ್ಣು ಕಟ್ಟೋದು' ಅಂತ ಅಂದುಕೊಂಡೇ ಮುದುಕಿಯಾದೆ. ರೇಡಿಯೋದವರು ಹವಾಮಾನ ಓದೋ ಕೆಲಸ ಕೊಡ್ತೀವಿ ಅಂದಾಗಲೂ ಅದಕ್ಕೇ ಬೇಡ ಅಂದೆ. ನಗು, ನಗು. ಅವರು ಹೋಗಿ ಎಷ್ಟೋ ಕಾಲವಾಯಿತು, ಈಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರೋಕಾಗಲ್ಲ ನನಗೆ. ಹಿಂದೆ ಬಂದು ನಿಂತ ಹಾಗಾಗುತ್ತೆ.

ಗೊತ್ತು, ಗೊತ್ತು. ಇದನ್ನೆಲ್ಲ ಕಟ್ಟಿದ್ದೇ ನನ್ನ ಗಂಡ. ಇದು ನಿಜವಾದ ಕಂಪ್ಯೂಟರಲ್ಲ, ದೊಡ್ಡ ಯಂತ್ರದೊಳಗೆ ಅತಿಥಿಯಾಗಿ ಇರೋ ಸುಳ್ಳು ಕಂಪ್ಯೂಟರು. ಇದರ ಡಿಸ್ಕುಗಳೂ ಸುಳ್ಳೇ. ಯಂತ್ರ ಎದ್ದಾಗ ಯಾವ ಡಿಸ್ಕು ಮೊದಲು ಓಗೊಡುತ್ತೋ ಅದು ಮೊದಲನೆಯದು. ಅದಕ್ಕೇ ಅವರು ಹೊರಗಿನ ದೊಡ್ಡ ಯಂತ್ರದಿಂದಲೇ ಒಂದೊಂದಕ್ಕೂ ಗುರುತು ಹಾಕಿದರು, ಕುರಿಮರಿಯ ಕಿವಿ ಕತ್ತರಿಸಿ ಗುರುತು ಮಾಡೋ ಹಾಗೆ. ಸಾಲು ತಪ್ಪಿದರೂ ಕಿವಿ ತಪ್ಪಲ್ಲ ಅನ್ನೋರು. ಅಪ್ಪನ ಡಿಸ್ಕಿಗೆ ಅಪ್ಪನ ಹೆಸರನ್ನೇ ಇಟ್ಟರು. ನಾನು ಬಾಯಿ ಬಿಡೋ ಹಾಗಿಲ್ಲ ಅಂತ ಗೊತ್ತಿದ್ದೂ.

ಆ ಮನೆಯಲ್ಲಿ ನನಗೂ ಸಾಲಿನ ಹೆಸರೇ ಇತ್ತು. ಪಾಮಿರ್ ಬೆಟ್ಟದ ಮುರ್ಗಾಬ್‌ನಿಂದ ಸೊಸೆಯಾಗಿ ಬಂದಾಗ ಮೂರನೆಯವಳು. ದೊಡ್ಡ ಓರಗಿತ್ತಿ ತೀರಿಕೊಂಡಳು, ಎರಡನೆಯವಳಾದೆ. ಬುರುಲ್‌ಕನ್ ಅಂತ ನನ್ನ ಹೆಸರು ಹಿಡಿದು ಮಾವ ಒಂದು ದಿನವೂ ಕರೆದವರಲ್ಲ.

ಚಹಾ ಆರಿಹೋಗುತ್ತೆ, ಕುಡಿ... ಹೂಂ, ಬೆಳಿಗ್ಗೆ ಕರೆಂಟು ಹೋಗಿತ್ತು. ಯಂತ್ರ ಮತ್ತೆ ಎದ್ದಿದೆ. ಅದರಿಂದೇನು? ಎರಡನೆಯದು ಎರಡನೆಯದೇ. ಏನು ಟೈಪ್ ಮಾಡ್ತಿದ್ದೀಯ? ಗುರುತು ಕೇಳೋದು ಬೇಡ ಅಂದೆನಲ್ಲ...

ಯಾಕೆ ಪರದೆ ನನ್ನ ಕಡೆ ತಿರುಗಿಸಿದೆ?

ಮೀರಿಮ್. ಬೈಯೋದಾದರೆ ಬೈಯಿ. ಹಾಗೆ ನೋಡಬೇಡ.

ಹೌದು, ಸಾಲು ಅದಲುಬದಲಾಗಿದೆ. ನಿನಗಿಂತ ಮುಂಚೆ ನಾನು ನೋಡಿದ್ದೆ. ಈಗ ಮೊದಲನೆಯದು ಮಾವನವರೇ. ಅಳಿಸು ಅಂದದ್ದು ಅವರನ್ನೇ. ಅಯ್ಯೋ, ಯಂತ್ರ ಸಾಲು ತಪ್ಪಿಸಿತು ಅಂದಿದ್ದರೆ ಮುಗೀತಿತ್ತು. ಪಾಪ ಯಾರ ತಲೆಗೂ ಬರ್ತಿರಲಿಲ್ಲ.

ಆ ಹಾಡುಗಳಲ್ಲಿ ಒಂದು ಮದುವೆ ಹಾಡಿದೆ. ನನ್ನ ಮದುವೆಯದು. ಪಾಮಿರ್‌ನ ಬಡಕಲು ಮೇಕೆ ತಂದೆವು, ಹಾಲು ಕೊಟ್ಟೀತೋ ಹುಲ್ಲು ದಂಡವೋ ಅಂತ ಮಾವ ಹಾಡಿದರು. ಬಂದವರೆಲ್ಲ ನಕ್ಕರು. ಆಮೇಲೆ ನನ್ನ ಕೂಸು ಉಳಿಯಲಿಲ್ಲ. ಹಾಡು ಉಳೀತು. ಪ್ರತಿ ಹೊಸವರ್ಷದ ನೊರೂಜ್ ಹಬ್ಬಕ್ಕೂ ರೇಡಿಯೋದವರು ಅದನ್ನೇ ಹಾಕ್ತಾರೆ. ಹೆಂಗಸರ ಜೊತೆ ಹಬ್ಬದ ಹಂಡೆ ತಿರುವುತ್ತ ನಾನೂ ಕೇಳ್ತೀನಿ. ಸತ್ತವರು ವರ್ಷಕ್ಕೊಮ್ಮೆ ಬಂದು ಊರ ಮುಂದೆ ಕೇಳ್ತಾರೆ, ಹಾಲು ಕೊಟ್ಟೀತೋ ಅಂತ.

ಏನಿದು, ಕೀಬೋರ್ಡು ನನ್ನ ಕಡೆ ತಳ್ಳಿದೆ? ಅಳಿಸೋ ಮೊದಲು ಗುರುತು ಬರೀಬೇಕಂತಾ? ಮೊದಲನೆಯದು ಅಂತ ಬರೆದರೆ ಒಪ್ಪಲ್ಲವಾ... ನಾನೇ ಬರೀಬೇಕಾ?

ಬೊ... ಬೊರೊನ್‌ಬಾಯ್.

ಬಂತಲ್ಲ ಬಾಯಿಂದ. ಎಷ್ಟು ಚಿಕ್ಕ ಹೆಸರು.

ಮೊದಲನೆಯದು ಅಂದಾಗ ಸುಲಭವಾಗಿತ್ತು, ಮಗಳೇ. ಹೆಸರು ಹಿಡಿದ ಕೂಡಲೇ ಮುದುಕ ತಿರುಗಿ ನೋಡಿದ ಹಾಗಾಯಿತು. ಬರೆದ ಈ ಹೆಸರನ್ನು ತೆಗೀ, ಹವಾಮಾನದ್ದನ್ನೇ ಅಳಿಸು. ಆಮೇಲೆ ದನಿ ಸರಿಯಿದೆಯಾ ಅಂತ ಹಾಡುಗಳನ್ನು ಹಚ್ಚಿ ನೋಡ್ತೀಯಲ್ಲ? ಹಚ್ಚು. ಮದುವೆ ಹಾಡು ಬಂದರೂ ನಿಲ್ಲಿಸಬೇಡ.

ನೀನು ಮಾತ್ರ ನಗಬೇಡ.