ಅರ್ಧ ಆಟಕ್ಕೆ ಎದ್ದು ಬರುವ ಮಾತು

2004ರ ಫೆಬ್ರವರಿ ಒಂದು, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ಆ ಸಂಜೆ ಹ್ಯೂಸ್ಟನ್ನಿನಲ್ಲೇ ಇತ್ತು. ಊರಾಚೆಯ ಕೇಟಿ ಎಂಬ ಬಡಾವಣೆಯ ಇಂಡಿಯನ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ಕನ್ನಡ ಸಂಘದ ಸೀತಾಬಾಯಿ, ಮತ್ತು ಸಂಜೆ ಮಗಳು ಗಾರ್ಗಿಯ ಭರತನಾಟ್ಯಕ್ಕೆ ಮೃದಂಗ ನುಡಿಸಬೇಕಾಗಿದ್ದ ರಘುನಂದನ.

"ಸೂಪರ್ ಬೌಲ್ ದಿನ ಸಂಕ್ರಾಂತಿ ಪ್ರೋಗ್ರಾಮ್ ಇಟ್ಟಿದ್ದು ಯಾರು ಆಂಟಿ?"

"ಇವತ್ತೊಂದ ದಿನ ಹಾಲ್ ಖಾಲಿ ಇತ್ರಿ."

"ಯಾಕೆ ಖಾಲಿ ಇದೆ ಅಂತ ಕಮಿಟೀಲಿ ಒಬ್ಬರಿಗೂ ಹೊಳೀಲಿಲ್ಲ."

"ಅದಿರ್ಲಿ. ಗಾರ್ಗಿದು ಏಳೂವರೆಗೆ. ನೀವು ಬರೋದು ಎಷ್ಟಕ್ಕ?"

"ಫ್ರೆಂಡ್ ಮನೇಲಿ ಅರ್ಧ ಆಟ ನೋಡಿ ಎದ್ದು ಬರ್ತೀನಿ. ಅಷ್ಟರಲ್ಲಿ ಪೇಟ್ರಿಯಟ್ಸ್ ಇಪ್ಪತ್ತು ಪಾಯಿಂಟ್ ಮುಂದಿರುತ್ತೆ. ಪ್ಯಾಂಥರ್ಸ್ ಫೈನಲ್ ಆಡೋ ಟೀಮೇ ಅಲ್ಲ."

"ಅಲ್ಲಾದ್ರ ಫೈನಲ್‌ಗೆ ಹ್ಯಾಂಗ ಬಂತು?"

"ಅದೃಷ್ಟ. ನಿಮಗೆ ಈ ಆಟ ಗೊತ್ತಾಗಲ್ಲ ಬಿಡಿ."

"ಆಟ ಗೊತ್ತಿಲ್ರಿ, ನೀವು ಗೊತ್ತು. ಹೋದ ವರ್ಷ ವರ್ಲ್ಡ್ ಕಪ್ ನಮ್ದ ಅಂತ ಟಾಸ್ ಆಗೂದ್ರಾಗ ಪೇಢಾ ಹಂಚಿದವರು."

"ಅದು ಕ್ರಿಕೆಟ್."

"ಇವತ್ತೂ ಎರಡು ಟೀಮು ಸರಿಸಮ ಆಡಿದ್ರ ಏನ್ ಮಾಡ್ತೀರಿ?"

"ಆಡಲ್ಲ ಆಂಟಿ."

"ಹುಡುಗಿ ಗೆಜ್ಜೆ ಕಟ್ಟಿಕೊಂಡು ನಿಂತಿರ್ತಾಳ್ರಿ."

"ಅರ್ಧ ಆಟಕ್ಕೆ ಎದ್ದು ಬರ್ತೀನಿ ಅಂದೆನಲ್ಲ. ಏಳಕ್ಕೆ ಅಲ್ಲಿರ್ತೀನಿ."

ರಘುನಂದನ ಚಿಪ್ಸ್, ಕೋಕ್ ಎತ್ತಿಕೊಂಡು ಹೊರಟರು. ಸೀತಾಬಾಯಿ ಬಾಗಿಲ ಬಳಿ ನಿಂತು ಯಾರಿಗೋ ಫೋನ್ ಮಾಡಿ, ಡ್ಯಾನ್ಸ್ ಟೀಚರ್ ಹತ್ತಿರ ಇರುವ, ಗಾರ್ಗಿಯ ನೃತ್ಯದ ಸಂಗೀತದ ಕ್ಯಾಸೆಟ್ ತರಲು ಹೇಳಿದರು.

ಅರ್ಧ ಆಟ ಮುಗಿದಾಗ ಪೇಟ್ರಿಯಟ್ಸ್ 14, ಪ್ಯಾಂಥರ್ಸ್ 10. ಏಳೂವರೆಗೆ ಗಾರ್ಗಿ ಕ್ಯಾಸೆಟ್ಟಿಗೆ ಕುಣಿದಳು.