ಮಿಶಾರಿಯ ಹೆಸರಿನ ಷೇರುಗಳು ಮಾರಾಟವಾದ ಬಗ್ಗೆ ಅವನ ತಾಯಿಯ ಹೇಳಿಕೆ

ನನ್ನ ಹೆಸರು ಮುನೀರಾ ಬಿಂತ್ ಸುವೈಲಿಮ್, ವಯಸ್ಸು ೫೧ ವರ್ಷ, ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಗಣಿತ ಶಿಕ್ಷಕಿ, ವಾಸ ಹೊಫೂಫ್ ಪಟ್ಟಣದ ಕೂತ್ ಬಡಾವಣೆ, ರೊಟ್ಟಿ ಒಲೆಯ ಅಂಗಡಿಯಿಂದ ೪೦ ಮೀಟರ್ ದೂರದ ಮನೆ. ಊರಿನವರು ನನ್ನನ್ನು ಉಮ್ಮು ಮಿಶಾರಿ, ಅಂದರೆ ಮಿಶಾರಿಯ ತಾಯಿ ಎಂದೇ ಕರೆಯುತ್ತಾರೆ. ನನ್ನ ಮಗನ ಹೆಸರಿನ ಷೇರುಗಳನ್ನು ಯಾರೋ ಫೋನ್ ಮಾಡಿ ಮಾರಿದ್ದಾರೆಂದು ಫೆಬ್ರುವರಿ ೨೮ರಂದು ದೂರು ಕೊಟ್ಟಿದ್ದೆ. ಈ ದಿನ ಗಂಡ ಅಬ್ದುಲ್‌ಮುಹ್ಸಿನ್ ಅವರೊಂದಿಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

೨೦೦೪ನೇ ಇಸವಿ ಜುಲೈ ೬ರಂದು ಮಧ್ಯಾಹ್ನ ೩.೨೦ಕ್ಕೆ ದಮ್ಮಾಮ್ ರಸ್ತೆಯಲ್ಲಿ ಒಂದು ಕಾರು ನೀರಿನ ಟ್ಯಾಂಕರಿಗೆ ಗುದ್ದಿ ಹೊತ್ತಿ ಉರಿಯಿತು. ಒಳಗಿದ್ದವನು ಮಿಶಾರಿ ಎಂದು ಆಸ್ಪತ್ರೆಯವರು ಹೇಳಿದರು. ಅವನಿಗೆ ಆಗ ೧೯ ವರ್ಷ. ಗಂಡಸರೇ ಮೈ ತೊಳೆದು, ಸಂಜೆಯೊಳಗೆ ಮಣ್ಣು ಮಾಡಿ ಬಂದರು. ಹೆಂಗಸರು ಸ್ಮಶಾನಕ್ಕೆ ಹೋಗುವುದು ನಮ್ಮಲ್ಲಿಲ್ಲ. ಒಂದು ಸಲ ಮುಖ ತೋರಿಸಿ ಎಂದು ಕೇಳಿದ್ದಕ್ಕೆ ನನ್ನ ಗಂಡ, ಬೇಡ ಮುನೀರಾ, ನಿನ್ನ ಕಾಲು ಹಿಡೀತೀನಿ, ನೋಡ್ಬೇಡ ಎಂದರು. ನಾನು ನೋಡಲಿಲ್ಲ.

ಮರುವರ್ಷ ಮಾರ್ಚ್‌ನಲ್ಲಿ ಖರ್ಜೂರವನ್ನು ಡಬ್ಬಿಗೆ ತುಂಬಿ ಮಾರುವ ಹೊಸ ಕಂಪನಿಯೊಂದು ಷೇರು ಬಿಟ್ಟಿತು. ಸರ್ಕಾರ ಕೊಟ್ಟ ಕುಟುಂಬದ ಚೀಟಿಯಲ್ಲಿ ಎಷ್ಟು ಹೆಸರಿದೆಯೋ ಅಷ್ಟು ಪಾಲು, ಹೆಸರಿಗೆ ಹತ್ತು ಷೇರು. ನಮ್ಮ ಚೀಟಿಯಲ್ಲಿ ಐದು ಹೆಸರು: ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು, ಮಿಶಾರಿ. ಅವನ ಹೆಸರು ತೆಗೆಸಿಬಿಡೋಣ ಎಂದು ಗಂಡ ಅದಕ್ಕೆ ಮೊದಲೇ ಮೂರು ಬಾರಿ ಹೇಳಿದ್ದರು. ಇದೊಂದು ಸಲ ಆಗ್ಲಿ ತಡೀರಿ, ಹತ್ತು ಷೇರು ಯಾಕೆ ಕಳ್ಕೋಬೇಕು ಎಂದವಳು ನಾನೇ. ಇಷ್ಟು ಹೇಳಿದಾಗ ಠಾಣಾಧಿಕಾರಿ ಜಾಸಿಮ್ ಅವರು ಬರೆಯುವುದನ್ನು ನಿಲ್ಲಿಸಿ, ತಾಯಿ, ಇದು ಅಪರಾಧ ಆಗುತ್ತೆ, ಬರ್ಕೊಳ್ಲಾ ಎಂದು ಕೇಳಿದರು. ಬರ್ಕೋಪ್ಪ, ಒಂದಕ್ಷರ ಬಿಡಬೇಡ ಎಂದೆ.

ಮೊದಲು ನನಗಿದ್ದದ್ದು ದುರಾಸೆ ಮಾತ್ರ. ಆದರೆ ಷೇರು ಸಿಕ್ಕಿದೆ ಎಂದು ಬ್ಯಾಂಕಿನಿಂದ ಅವನ ಮೊಬೈಲಿಗೆ ಸಂದೇಶ ಬಂತು. ಅವನು ಹದಿನೆಂಟು ತುಂಬಿದ ವಾರವೇ ಫೋನಿನಲ್ಲಿ ಷೇರು ವ್ಯಾಪಾರ ಮಾಡುವ ಖಾತೆ ತೆರೆದಿದ್ದ. ಸಂದೇಶದ ಮೊದಲಿಗೆ 'ಪ್ರಿಯ ಮಿಶಾರಿ' ಎಂದಿತ್ತು. ಒಂಬತ್ತು ತಿಂಗಳಿಂದ ಮನೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಅವತ್ತಿನಿಂದ ದಿನವೂ ಆ ಮೊಬೈಲಿಗೆ ಚಾರ್ಜ್ ಹಾಕಿದೆ. ನನ್ನ ನಿವೃತ್ತಿಯ ಹಣವನ್ನು ಅವನ ಖಾತೆಗೆ ಕಟ್ಟಿ, ಖಾತೆದಾರನೆಲ್ಲಿ ಎಂದಾಗಲಿ, ಗುಪ್ತ ಸಂಖ್ಯೆಯನ್ನಾಗಲಿ ಬ್ಯಾಂಕಿನವರು ಕೇಳದೆ ಇದ್ದುದರಿಂದ, ಅದೇ ಕಂಪನಿಯ ಇನ್ನೂ ೩೦೦ ಷೇರು ಕೊಂಡೆ.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ೧೦ಕ್ಕೆ, ಮನೆಯಿಂದ ೬೦೦ ಮೀಟರ್ ದೂರದ ಬ್ಯಾಂಕಿನ ಹೆಂಗಸರ ಕೋಣೆಯಲ್ಲಿ, ಷೇರು ಬೆಲೆ ತೋರಿಸುವ ಪರದೆಯ ಮುಂದೆ ಕೂರುತ್ತಿದ್ದೆ. ದಿನದ ಬೆಲೆಯನ್ನು ಚೌಕುಳಿ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದೆ. ಖರ್ಜೂರದ ಮರ ವರ್ಷಕ್ಕೊಮ್ಮೆ ಫಲ ಕೊಡುತ್ತದೆ, ಆದರೆ ಆ ಕಂಪನಿಯ ಷೇರು ಹತ್ತು ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಮಾಲು ಹೆಚ್ಚಿಲ್ಲ, ಲಾಭ ಹೆಚ್ಚಿಲ್ಲ, ಕೊಳ್ಳುವವರ ಸಾಲು ಮಾತ್ರ ಹೆಚ್ಚಿತ್ತು. ಮೂವತ್ತು ವರ್ಷ ಗಣಿತ ಹೇಳಿದವಳಿಗೆ ಇದು ಅರ್ಥವಾಗದ್ದೇನಲ್ಲ. ಅರ್ಥ ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

ಪಕ್ಕದ ಮನೆಯ ಲುಲುವಾ ಮದುವೆಯ ಚಿನ್ನ ಮಾರಿ ಷೇರು ಕೊಂಡಿದ್ದಳು. ನಾವೆಲ್ಲ ಬೆಳಿಗ್ಗೆ ಕೊಂಡು ಸಂಜೆ ಮಾರಿ ಕೈ ಸುಟ್ಟುಕೊಳ್ಳುತ್ತಿದ್ದೆವು. ಮಿಶಾರಿಯ ಷೇರನ್ನು ಮಾತ್ರ ನಾನು ಮುಟ್ಟುತ್ತಿರಲಿಲ್ಲ. ಲುಲುವಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾ, ನಮ್ಮೆಲ್ರಿಗಿಂತ ನಿನ್ ಮಗನೇ ಜಾಣ ಕಣೇ, ಕೊಳ್ಳೋ ಹಾಗಿಲ್ಲ, ಮಾರೋ ಹಾಗಿಲ್ಲ, ಆರಾಮಾಗಿ ಮಲ್ಗಿದಾನೆ ನೋಡು ಎಂದು ಛೇಡಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ದೇವರು ಕ್ಷಮಿಸಲಿ.

ಇದೇ ವರ್ಷ ಫೆಬ್ರುವರಿ ೨೫, ಶನಿವಾರ, ನಮ್ಮಲ್ಲಿ ವಾರದ ಮೊದಲ ಕೆಲಸದ ದಿನ, ಮಧ್ಯಾಹ್ನ ೧೨.೨೫ಕ್ಕೆ ಮನೆಗೆ ಬಂದು ಅವನ ಮೊಬೈಲ್ ನೋಡಿದೆ. 'ಪ್ರಿಯ ಮಿಶಾರಿ, ನಿಮ್ಮ ಆದೇಶದಂತೆ ೩೧೦ ಷೇರುಗಳು ೧೦.೫೨ಕ್ಕೆ ಮಾರಾಟವಾಗಿವೆ' ಎಂದಿತ್ತು. ಫೋನಿನಲ್ಲಿ ಮಾರಲು ಗುರುತಿನ ಸಂಖ್ಯೆ, ಗುಪ್ತ ಸಂಖ್ಯೆ ಎರಡೂ ಬೇಕು. ಗುಪ್ತ ಸಂಖ್ಯೆ ಅವನೊಬ್ಬನಿಗೇ ಗೊತ್ತೆಂದು ನಂಬಿದ್ದೆ. ಕಳ್ಳತನವೆಂಬ ಯೋಚನೆಯೇ ನನಗೆ ಬರಲಿಲ್ಲ. ಬದುಕಿದ್ದಾನೆ ಎಂದುಕೊಂಡೆ. ತಾರಸಿ ಹತ್ತಿ ಬೀದಿಯ ಎರಡೂ ತುದಿ ನೋಡಿದೆ. ಗಂಡನಿಗೆ ತಿಳಿಸಲಿಲ್ಲ. ಅಂದಿನಿಂದ ಹೊರಬಾಗಿಲಿಗೆ ಅಗುಳಿ ಹಾಕುವುದನ್ನು ಬಿಟ್ಟೆ.

ಮಾರನೆಯ ದಿನ, ಭಾನುವಾರ, ಮಾರುಕಟ್ಟೆ ಬಿತ್ತು. ಪರದೆ ಪೂರ್ತಿ ಕೆಂಪಾಯಿತು. ಅಯ್ಯೋ, ಕೊಳ್ಳೋರು ಒಬ್ರೂ ಇಲ್ವಲ್ರೇ, ಯಾರಿಗೆ ಮಾರ್ಲಿ ಎಂದು ಲುಲುವಾ ನೆಲದ ಮೇಲೆ ಕೂತುಬಿಟ್ಟಳು. ನಾನು ತಡೆಯಲಾರದೆ, ಮಿಶಾರಿ ನಿನ್ನೆನೇ ಎಲ್ಲ ಮಾರಿದಾನೆ ಎಂದೆ. ಕೋಣೆಯಲ್ಲಿದ್ದ ಹದಿನಾಲ್ಕು ಹೆಂಗಸರೂ ಪರದೆ ಬಿಟ್ಟು ನನ್ನ ಕಡೆ ತಿರುಗಿದರು. ಲುಲುವಾ ನನ್ನ ಬುರ್ಖಾದ ತುದಿ ಹಿಡಿದು, ಹೋದೋರಿಗೆ ಎಲ್ಲ ಗೊತ್ತಿರುತ್ತೆ ಕಣೇ, ಮುಂದೇನು ಅಂತ ಅವನ್ನೇ ಕೇಳೇ, ನಿನ್ ದಮ್ಮಯ್ಯ ಎಂದಳು. ಅವತ್ತು ಸಂಜೆ ಮೂವರು ಹೆಂಗಸರು ತಮ್ಮ ಷೇರುಗಳ ಹೆಸರು ಬರೆದ ಚೀಟಿ ಹಿಡಿದು ನಮ್ಮ ಮನೆಗೆ ಬಂದರು. ಒಬ್ಬಳು ಚೀಟಿಯನ್ನು ಅವನ ದಿಂಬಿನ ಕೆಳಗೆ ಇಟ್ಟು ಹೋದಳು.

ಫೆಬ್ರುವರಿ ೨೮ರಂದು ನಾನು ದೂರು ಕೊಟ್ಟದ್ದು ಹಣಕ್ಕಾಗಿ ಅಲ್ಲ. ಪೊಲೀಸರಾದರೂ ಅವನನ್ನು ಹುಡುಕಿ ತರಲಿ ಎಂದು ಕೊಟ್ಟೆ.

ನಿನ್ನೆ ಮಾರ್ಚ್ ೧೧ರಂದು ಬೆಳಿಗ್ಗೆ ೧೧.೧೫ಕ್ಕೆ ಬ್ಯಾಂಕಿನಲ್ಲಿ, ಜಾಸಿಮ್ ಅವರ ಎದುರು, ಆ ಕರೆಯ ಧ್ವನಿಮುದ್ರಣ ಕೇಳಿಸಿದರು. ಒಟ್ಟು ಒಂದು ನಿಮಿಷ ೪೮ ಸೆಕೆಂಡು. ನಾನು ಮಿಶಾರಿ ಮಾತಾಡ್ತಿರೋದು ಎಂದಿತು ಧ್ವನಿ. ಅವನದೇ ಧ್ವನಿ. ಸಂಖ್ಯೆಗಳನ್ನು ತಪ್ಪಿಲ್ಲದೆ ಹೇಳಿದ. ಏರ್ತಾ ಇರೋ ಷೇರು ಸಾರ್, ಅಷ್ಟೂ ಮಾರಿಬಿಡೋದಾ ಎಂದು ಗುಮಾಸ್ತ ಕೇಳಿದ. ಆರು ಸೆಕೆಂಡು ಬರೀ ಉಸಿರು ಕೇಳಿಸಿತು. ಆಮೇಲೆ, ಅಷ್ಟೂ ಮಾರು ಎಂದಿತು ಧ್ವನಿ. ಗುಮಾಸ್ತ ಆಯಿತು ಎಂದಾಗ ಆ ಧ್ವನಿ ಹೇಳಿದ್ದು: ಉಪಕಾರವಾಯ್ತು ಕಂದ, ದೇವರು ನಿನ್ನ ಚೆನ್ನಾಗಿಟ್ಟಿರ್ಲಿ.

ಇಪ್ಪತ್ತರ ಹುಡುಗ ಬ್ಯಾಂಕಿನ ಗುಮಾಸ್ತನನ್ನು ಕಂದ ಎನ್ನುವುದಿಲ್ಲ. ತಂದೆ ಮಗನ ಧ್ವನಿ ಫೋನಿನಲ್ಲಿ ಒಂದೇ ಥರ, ನಾನೇ ಎಷ್ಟೋ ಸಲ ಮೋಸಹೋಗಿದ್ದೇನೆ. ನನ್ನ ಗಂಡ ಎರಡು ವರ್ಷದಿಂದ ಯಾರನ್ನೂ ಕಂದ ಎಂದಿದ್ದನ್ನು ನಾನು ಕೇಳಿರಲಿಲ್ಲ. ಸಾಕು, ನಿಲ್ಸಿ ಎಂದೆ.

ಮಧ್ಯಾಹ್ನ ೧.೩೦ಕ್ಕೆ ಮನೆಯಲ್ಲಿ ಗಂಡನನ್ನು ಕೇಳಿದೆ. ಅವರು ಬಚ್ಚಿಡಲಿಲ್ಲ. ಹೌದು, ನಾನೇ. ಖಾತೆ ತೆರೆದ ದಿನವೇ ಸಂಖ್ಯೆಗಳನ್ನ ನಂಗೆ ಹೇಳಿದ್ದ. ಏರುತ್ತೋ ಬೀಳುತ್ತೋ ನಂಗೇನು ಗೊತ್ತು? ದಿನಾ ಹತ್ತು ಗಂಟೆಗೆ ಅವನ್ನ ಎಬ್ಬಿಸಿ ಕೂರಿಸ್ತೀಯ. ಈ ಕೈಯಲ್ಲೇ ಮಣ್ಣು ಹಾಕಿ ಬಂದಿದೀನಿ ಮುನೀರಾ, ಮಲಗೋಕೆ ಬಿಡೇ ಮಗೂನ ಎಂದರು. ನಾನು ಅವರ ಎದೆಗೆ ಎರಡು ಸಲ ಹೊಡೆದೆ. ಅವರು ಕೈ ಅಡ್ಡ ತರಲಿಲ್ಲ. ಆಮೇಲೆ, ಮುಖ ಹೇಗಿತ್ತು ಹೇಳಿ ಎಂದೆ. ಹೇಳಿದರು. ಅದನ್ನು ಇಲ್ಲಿ ಬರೆಸುವುದಿಲ್ಲ.

ಗಂಡನ ಮೇಲೆ ನನ್ನ ದೂರಿಲ್ಲ. ಮಾರಿದ ಹಣ ಹಾಗೇ ಇದೆ, ಕಾನೂನು ಏನು ಹೇಳುತ್ತದೋ ಹಾಗಾಗಲಿ. ನನಗೆ ಶಿಕ್ಷೆಯಾದರೆ ಒಪ್ಪಿದ್ದೇನೆ. ಫೆಬ್ರುವರಿ ೨೮ರ ದೂರಿನಲ್ಲಿ ಮಗನ ಹೆಸರಿನ ಮುಂದೆ 'ಎಲ್ಲಿದ್ದಾನೆ ತಿಳಿಯದು' ಎಂದು ನಾನು ಬರೆಸಿದ್ದನ್ನು ಹೊಡೆದುಹಾಕಿ ಹೀಗೆ ಬರೆದುಕೊಳ್ಳಬೇಕು: ನನ್ನ ಮಗ ಮಿಶಾರಿ, ವಯಸ್ಸು ೧೯, ೨೦೦೪ರ ಜುಲೈ ೬ರಂದು ತೀರಿಕೊಂಡಿದ್ದಾನೆ. ನನ್ನ ಬಾಯಿಂದ ಈ ಮಾತು ಬರುತ್ತಿರುವುದು ಇದೇ ಮೊದಲು.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಕೊನೆಯ ಸಾಲನ್ನು ಎರಡು ಸಲ ಓದಿಸಿಕೊಂಡಿದ್ದೇನೆ. ಎಲ್ಲವೂ ನಿಜ.

ಸ್ಥಳ: ಹೊಫೂಫ್ ಪೊಲೀಸ್ ಠಾಣೆ
ದಿನಾಂಕ: ೧೨ ಮಾರ್ಚ್ ೨೦೦೬, ಬೆಳಿಗ್ಗೆ ೧೦ ಗಂಟೆ
ಸಹಿ: ಮುನೀರಾ ಬಿಂತ್ ಸುವೈಲಿಮ್