ಕಪ್ಪು ಗೆದ್ದ ಕಪ್ಪು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಓರಗಿತ್ತಿಯರು. ಚೆಸ್ ಫೈನಲ್ ಮುಗಿಸಿ ಬಂದಿದ್ದರು. ಕಿರಿಯಳ ಕೈಯಲ್ಲಿ ಹೊಳೆಯುವ ಕಪ್ಪು. ಹಿರಿಯಳ ಮುಖವೇ ಕಪ್ಪು.

"ಅಕ್ಕಾ, ಈ ಕಪ್ಪು ಸ್ವಲ್ಪ ಹಿಡ್ಕೋತೀರಾ?"

"ಬೇಡಮ್ಮ. ಕಪ್ಪು ಕಾಯಿ ನಿಂದು, ಕಪ್ಪೂ ನಿಂದೇ."

"ಕೋಪಾನಾ?"

"ಕೋಪ ಯಾಕೆ? ಕ್ವೀನ್ಸ್ ಗ್ಯಾಂಬಿಟ್ ಅನ್ನೋ ಆರಂಭದ ಪಟ್ಟು ಕಲಿಸಿದ್ದು ನಾನು, ಅದನ್ನೇ ನಾನು ಆಡಿದಾಗ ನನ್ನ ರಾಜನ್ನ ಮುಗಿಸಿದ್ದು ನೀನು. ಸಂತೋಷ!"

"ಬಲೆ ಬೀಸೋ ಮುಂಚೆ ನೀವು ಗುನುಗ್ತೀರಿ ಅಕ್ಕಾ. ಹಾಗೇ ಗೊತ್ತಾಯ್ತು."

"ಅಂದ್ರೆ ನೀನು ಕಲಿತಿದ್ದು ಆಟ ಅಲ್ಲ, ನನ್ನ ರಾಗ!"

"ಕಪಾಟಿನಲ್ಲಿ ನಿಮ್ಮ ಕಪ್ಪಿನ ಪಕ್ಕಾನೇ ಇಡ್ತೀನಿ."

"ಮುಂದೇನೇ ಇಡು. ನಂದು ಹೇಗೂ ಚಿಕ್ಕದು, ಮರೆಯಾಗಲಿ."

ಬಸ್ ಬಂತು.

"ಮೊದಲು ನೀವು ಹತ್ತಿ, ಅಕ್ಕಾ."

"ಬೇಡ. ಬಿಳಿ ಹಿಡಿದು ಮೊದಲು ನಡೆದೇ ಕೆಟ್ಟಿದ್ದು."

ಅಂದವಳು ಮೆಲ್ಲಗೆ ಗುನುಗತೊಡಗಿದಳು. ಕಿರಿಯಳು ಕಪ್ಪನ್ನು ಎದೆಗವಚಿಕೊಂಡು, ತಿರುತಿರುಗಿ ನೋಡುತ್ತಾ ಬಸ್ ಹತ್ತಿದಳು.